ಎಡಮಗ್ಗಲು

ಬಿಸಿಲು ಗೋಡೆ ಹತ್ತುತ್ತಿದೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲು, ಗಂಗಾಳದಷ್ಟಗಲ, ಮಣ್ಣಿನ ಗೋಡೆಯ ಮೇಲೆ ಸಾರಿಸಿದ ಬೆರಳುಗಳ ಗೀರನ್ನೆಲ್ಲ ಎಬ್ಬಿಸಿ ತೋರಿಸುತ್ತ ಮೇಲೆ ಹೋಗುತ್ತಿದೆ, ಅಂದರೆ ಹೊತ್ತು ಪಡುವಣಕ್ಕೆ ವಾಲಿತು, ಅಂದರೆ ಊಟ ಆಗಿರಬೇಕು, ಆಗಿದೆಯೋ ಏನೋ, ಬಾಯಲ್ಲಿ ಶೇಂಗಾ ಹಿಂಡಿಯ ರುಚಿಯಿದೆ ಆದರೆ ಹೊಟ್ಟೆ ತುಂಬಿಲ್ಲ, ತುಂಬುವುದಾದರೂ ಹೇಗೆ, ಅರ್ಧ ರೊಟ್ಟಿ ಇಟ್ಟು ಗಂಗಾಳ ಎತ್ತಿಕೊಂಡು ಹೋಗುತ್ತಾರೆ, ದಿನಾಲೂ ಅರ್ಧ ರೊಟ್ಟಿ — ಬಯಲಾಟದ ಮೇಳದ ಜೊತೆ ಊರೂರು ತಿರುಗಿದ ಸತ್ತೆಪ್ಪ, ಪೇಟಿಮಾಸ್ತರ ಬಂದ್ರು ಅಂದರೆ ಗೌಡರ ಮನೆಯಿಂದ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು ಕಳಿಸುತ್ತಿದ್ದರು, ಅಂಥ ಸತ್ತೆಪ್ಪನಿಗೆ ಮೇಲವಂಕಿಯ ಸ್ವಂತ ಮನೆಯಲ್ಲಿ, ಅವನಪ್ಪ ಕಲ್ಲು ಹೊತ್ತು ಕಟ್ಟಿದ ಮನೆಯಲ್ಲಿ, ಅರ್ಧ ರೊಟ್ಟಿಯ ಮರ್ಯಾದೆ. ಪೂರಾ ರೊಟ್ಟಿ ಹಾಕೇನ್ರಿ, ಇನ್ನರ್ಧ ಗಂಗಾಳದಾಗ ಹಂಗ ಐತಿ, ಇತ್ತಾಗ ನೋಡ್ರಿ, ನನ್ನ ಕಡೆ — ಇದು ಪದ್ಮವ್ವನ ದನಿ. ಕಟ್ಟಿಕೊಂಡ ಹೆಂಡತಿಯ ದನಿ ತಿಳಿಯದಷ್ಟು ಕಿವಿ ಕೆಟ್ಟಿಲ್ಲ, ಹಾರ್ಮೋನಿಯಂ ಪೇಟಿಯಲ್ಲಿ ಕೂದಲೆಳೆಯಷ್ಟು ಸ್ವರ ಜಾರಿದರೂ ಹಿಡಿಯುವ ಕಿವಿ ಇದು. ಸತ್ತೆಪ್ಪ ದನಿ ಬಂದ ಕಡೆಗೆ ಕಣ್ಣು ಹೊರಳಿಸಿದ. ಗೋಡೆ. ಗೋಡೆಯ ಮೇಲೆ ಬಿಸಿಲು. ಅಲ್ಲಿ ಹೆಂಡತಿ ಹಾಗಿರಲಿ, ಹಲ್ಲಿಯೂ ಇಲ್ಲ. ಹೆಂಡತಿಯ ದನಿ ಗೋಡೆಯ ಒಳಗಿಂದ ಬರುತ್ತದೆ, ಗೋಡೆಯ ಆಚೆ ಇರುವುದು ತಮ್ಮ ಕೇದಾರಿಯ ಮನೆ.

ಮೂಡಲಗಿಯಲ್ಲಿ ಹೀಗಿರಲಿಲ್ಲ, ಮೂಡಲಗಿಯ ಆಟದ ತನಕ ಎಲ್ಲ ಸರಿಯಿತ್ತು, ಗ್ಯಾಸಬತ್ತಿ ಹಚ್ಚಿದ್ದರು, ಗಣಪತಿಯ ಪದ ಎತ್ತಿದ್ದರು, ಸತ್ತೆಪ್ಪನ ಬಲಗೈ ಪೇಟಿಯ ಬಿಳಿ ಕರಿ ಪಟ್ಟಿಯ ಮೇಲೆ ತನ್ನ ಪಾಡಿಗೆ ತಾನು ಓಡುತ್ತಿತ್ತು, ಒಮ್ಮೆಗೇ ಸ್ವರ ಸತ್ತಿತು, ಗಾಳಿ ಇಲ್ಲ, ಯಾರೋ ಪೇಟಿಯ ಮೂಗು ಹಿಡಿದ ಹಾಗೆ, ಏ ಯಾರಲೇ ಅದು ಅಂತ ಬೈಯಬೇಕೆಂದ, ನಾಲಿಗೆ ಹೊರಳಲಿಲ್ಲ, ಆಮೇಲೆ ಗ್ಯಾಸಬತ್ತಿ ವಾಲಿತು, ಮಂದಿ ವಾಲಿದರು, ಲಕ್ವಾ ಹೊಡೀತು, ಮಾಸ್ತರಗ ಲಕ್ವಾ ಹೊಡೀತು ಅಂದದ್ದು ಕೇಳಿಸಿತು. ಚಕ್ಕಡಿಯಲ್ಲಿ ಹಾಕಿಕೊಂಡು ಗೋಕಾಕಕ್ಕೆ, ಗೋಕಾಕದಿಂದ ಮನೆಗೆ. ಮನೆಗೆ ಬಂದ ಮೇಲೆ ದವಾಖಾನೆಯ ಕಂಪೌಂಡರ್ ಅಣ್ಣಾಸಾಹೇಬ ಆಗಾಗ ಬಸ್ಸಿಗೆ ಬಂದು ನೋಡಿ ಹೋಗುತ್ತಾನೆ, ಸೂಜಿ ಚುಚ್ಚುತ್ತಾನೆ, ಸತ್ತೆಪ್ಪ ಎದುರಿಗೇ ಮಲಗಿದ್ದರೂ ಅವನು ಊರಲ್ಲೇ ಇಲ್ಲವೆಂಬಂತೆ ಮಂದಿಗೆ ಅವನ ವಿಷಯ ಹೇಳುತ್ತಾನೆ. ಕಣ್ಣ ಚಲೋ ಅದಾವ, ಕಿವಿ ಚಲೋ ಅದಾವ, ಆದ್ರ ಎಡಗಡೆ ಅನ್ನೂದು ಇವರ ಲಕ್ಷ್ಯದಾಗ ಉಳಿದಿಲ್ಲ, ಎಡಕ್ಕ ಮನಷ್ಯಾ ನಿಂತ್ರೂ ಇವರಿಗೆ ಇಲ್ಲ, ಗಂಗಾಳದಾಗ ಎಡಕ್ಕ ಇದ್ದ ರೊಟ್ಟೀನೂ ಇಲ್ಲ, ಎಡಗಡೆಯಿಂದ ಮಾತಾಡಿದ್ರ ಬಲಗಡೆಯಿಂದ ಬಂತು ಅಂತಾರ, ಮೆದುಳಿನಾಗ ಹಂಗ ಆಗೇತಿ. ಎಡಗಡೆ ಇಲ್ಲವಂತೆ. ಸತ್ತೆಪ್ಪನಿಗೆ ನಗು ಬಂತು, ಪಾಪ, ಔಷಧಿ ಬಾಟ್ಲಿ ತೊಳೆಯುವವನಿಗೆ ಇದಕ್ಕಿಂತ ಹೆಚ್ಚು ಏನು ತಿಳಿದೀತು, ಎಲ್ಲ ಇದೆಯಲ್ಲ, ಗೋಡೆ ಇದೆ, ಬಿಸಿಲಿದೆ, ಕಾಲ ಕಡೆ ನೋಡಿದರೆ ಅಕ್ಕ ಗುಡ್ಡವ್ವ ನಿಂತಿದ್ದಾಳೆ, ಮತ್ತೇನಿರಬೇಕು ಒಂದು ಮನೆಯಲ್ಲಿ, ಏನು ಕಡಿಮೆಯಾಗಿದೆ, ಕಡಿಮೆಯಾದದ್ದು ಹೆಂಡತಿ ಒಬ್ಬಳು.

ಅವತ್ತು ಅಣ್ಣಾಸಾಹೇಬ ಇನ್ನೂ ಒಂದು ಮಾತು ಅಂದ, ಮಂಚಕ್ಕೆ ಕೈ ತೋರಿಸಿ, ಹೊರಸ ತಿರುವಿ ಹಾಕ್ರಿ, ಈಗ ತಲಿ ಇರೂ ಕಡೆ ಕಾಲ ಬರ್ಲಿ, ಗ್ವಾಡಿ ಎಡಕ್ಕ ಹೋಕ್ಕೈತಿ, ಬಲಕ್ಕ ಮನಿ ಮಂದಿ ಬರ್ತಾರ, ಮನಷ್ಯಾಗ ಮನಷ್ಯಾರ ಮಾರಿ ಕಂಡ್ರ ಅರ್ಧ ಜಡ್ಡ ಹೋಕ್ಕೈತಿ ಅಂದ. ಗುಡ್ಡವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು, ಏನ್ ಮಾತ ಅಂತ ಆಡ್ತೀರಿ, ತಿರುವಿ ಹಾಕಿದ್ರ ತಲಿ ಉತ್ತರಕ್ಕ ಆಕ್ಕೈತಿ, ಜೀವಂತ ಇರೂ ಮನಷ್ಯಾನ ತಲಿ ಉತ್ತರಕ್ಕ ಹಾಕಿ ಮಲಗಸೂದ, ನಾವೇನ ಅವನ ಸಾವ ಬೇಡ್ತೇವೇನು. ಹಾಗಾದ್ರ ಅಡ್ಡ ಹಾಕ್ರಿ. ಅಡ್ಡ ಹಾಕಲು ಜಾಗ ಎಲ್ಲಿದೆ, ಆಚೆ ಗೋಡೆಯಿಂದ ಈಚೆ ಗೋಡೆಗೆ ಹೊರಸು ಹಿಡಿಯುವುದಿಲ್ಲ, ಅತ್ತ ಒಲೆ, ಇತ್ತ ಬಾಗಿಲು, ನಡುವೆ ಕಂಬ, ಗೋಡೆಗೆ ಹತ್ತಿಸಿ ಹಾಕಿದ ಹೊರಸನ್ನು ಈಚೆ ಸರಿಸಲೂ ಕಂಬ ಬಿಡುವುದಿಲ್ಲ. ಅಣ್ಣಾಸಾಹೇಬ ಚೀಲ ಎತ್ತಿಕೊಂಡು, ನೀವು ಏನಂತೀರವಾ ಅಂತ ಯಾರನ್ನೋ ಕೇಳಿದ, ಗೋಡೆಯೊಳಗಿಂದ ಪದ್ಮವ್ವನ ದನಿ ಬಂತು, ಬ್ಯಾಡ್ರಿ, ನಾ ಅವರಿಗೆ ಕಾಣದಿದ್ರ ನಡೀತೈತಿ, ಉತ್ತರಕ್ಕ ತಲಿ ಮಾತ್ರ ಬ್ಯಾಡ. ಕಾಣದಿದ್ದರೆ ನಡೆಯುತ್ತದಂತೆ. ಸತ್ತೆಪ್ಪ ಆ ಮಾತನ್ನು ಹಿಡಿದುಕೊಂಡ, ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ನಾಲಿಗೆಯಿಂದ ತಿರುಗಿಸಿ ತಿರುಗಿಸಿ ನೋಡಿದ. ಅವಳಿಗೆ ನಡೆಯುತ್ತದೆ. ಗಂಡ ಹಾಸಿಗೆ ಹಿಡಿದಿರುವಾಗ ಗಂಡನ ಕಣ್ಣಿಗೆ ಬೀಳದೆ ಇರುವುದು ಅವಳಿಗೆ ಚೆನ್ನಾಗಿಯೇ ನಡೆಯುತ್ತದೆ.

ಈ ಗೋಡೆ ಅಪ್ಪನ ಕಾಲದ್ದಲ್ಲ. ಅಪ್ಪನ ಕಾಲದಲ್ಲಿ ಇದು ಒಂದೇ ಪಡಸಾಲೆ, ಹತ್ತು ಮಂದಿ ಸಾಲಾಗಿ ಮಲಗಿದರೂ ಮತ್ತೆ ಜಾಗ ಉಳಿಯುತ್ತಿತ್ತು, ಬೆಳಗಾವಿ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿತಲ್ಲ, ಆ ವರ್ಷ ಎಬ್ಬಿಸಿದ ಗೋಡೆ, ಸರಕಾರ ನಾಡು ಒಂದು ಮಾಡಿತು, ಸತ್ತೆಪ್ಪ ಮನೆ ಎರಡು ಮಾಡಿದ, ಊರವರು ಹೀಗೆ ಅಂದು ನಕ್ಕರು, ನಗಲಿ. ಮಾಡದೆ ಏನು ಮಾಡಬೇಕಿತ್ತು, ಸುಗ್ಗಿ ಮುಗಿಯುತ್ತಲೂ ಮೇಳ ಹೊರಟರೆ ಮನೆ ಕಾಣುವುದು ಮುಂಗಾರಿಗೆ, ಅಷ್ಟು ದಿನ ಹೊಲ ಕೇದಾರಿಯದು, ಎತ್ತು ಕೇದಾರಿಯದು, ಕೇದಾರಿಗೆ ರೊಟ್ಟಿ ಬಡಿದು ಹಾಕುವುದು ಪದ್ಮವ್ವ, ಕೇದಾರಿಯ ಹೆಂಡತಿ ಮೊದಲ ಬಾಣಂತನದಲ್ಲೇ ತೀರಿಕೊಂಡ ಮೇಲೆ ಅವನು ಮತ್ತೊಬ್ಬಳನ್ನು ಮಾಡಿಕೊಳ್ಳಲೂ ಇಲ್ಲ, ಯಾಕೆ ಮಾಡಿಕೊಳ್ಳಲಿಲ್ಲ, ಅದನ್ನು ಯಾರಾದರೂ ಕೇಳಬೇಕಲ್ಲ. ಒಂದು ವರ್ಷ ಯಮಕನಮರಡಿಯ ಆಟ ನಿಂತು ಸತ್ತೆಪ್ಪ ಹೇಳದೆ ಕೇಳದೆ ಮನೆಗೆ ಬಂದ, ಅಂಗಳಕ್ಕೆ ಕಾಲಿಡುತ್ತಲೂ ಒಳಗೆ ನಗು, ಪದ್ಮವ್ವ ನಗುತ್ತಿದ್ದಾಳೆ, ಬಾಯಿಗೆ ಸೆರಗು ಇಟ್ಟುಕೊಂಡರೂ ತಡೆಯದ ನಗು, ಕೇದಾರಿ ಯಾರದೋ ಎಮ್ಮೆ ಮದುಮಗನ ಪಟಗಾ ತಿಂದದ್ದನ್ನು ಹೇಳುತ್ತಿದ್ದ, ಅಷ್ಟೇ, ಎಮ್ಮೆಯ ಸುದ್ದಿ, ಆದರೆ ಸತ್ತೆಪ್ಪ ಒಳಗೆ ಬರುತ್ತಲೂ ಆ ನಗು ಆರಿಹೋಯಿತು, ಸೆರಗು ತಲೆಗೆ ಏರಿತು, ಕೈಕಾಲಿಗೆ ನೀರು ಬಂತು. ಊರೂರಿನ ಮಂದಿಯನ್ನು ಪೇಟಿಯಿಂದ ಅಳಿಸಿ ನಗಿಸಿದವನ ಎದುರು ಅವನ ಹೆಂಡತಿ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಮರುದಿನವೇ ಹಿಸ್ಸೆ ಆಗಲಿ ಅಂದ. ಕೇದಾರಿ ಯಾಕೆ ಅನ್ನಲಿಲ್ಲ, ಅಣ್ಣಾ ನಿನಗ ಹೆಂಗ ಬೇಕ ಹಂಗ ಅಂದ, ಪದ್ಮವ್ವನೂ ಯಾಕೆ ಅನ್ನಲಿಲ್ಲ, ಸೀರೆ ಮೇಲೆ ಕಟ್ಟಿ ಗೋಡೆಗೆ ಕೆಸರು ತುಳಿದವಳು ಅವಳೇ, ಸಾರಿಸಿದವಳು ಅವಳೇ, ಈ ಗೀರುಗಳು ಅವಳ ಬೆರಳಿನವು. ಎಂಥ ಗೋಡೆ ಎಬ್ಬಿಸಿದೆ ಅಂದುಕೊಂಡಿದ್ದ, ಈಗ ನೋಡಿದರೆ ಗೋಡೆಗೆ ಮುಖ ಮಾಡಿ ಅವನು ಈಚೆ, ಅವರಿಬ್ಬರೂ ಆಚೆ.

ಒಮ್ಮೆ ಅವಳು ಬಂದಿದ್ದಳು, ಸುಳ್ಳಲ್ಲ, ಕಣ್ಣಾರೆ ಕಂಡ. ಗೋಡೆ ನೋಡುತ್ತ ಮಲಗಿದ್ದಾಗ ಗೋಡೆಗೂ ಅವನಿಗೂ ನಡುವೆ ಒಮ್ಮೆಗೇ ಅವಳ ಮುಖ ಬಂತು, ಹಣೆಯಲ್ಲಿ ಕುಂಕುಮ, ಕಣ್ಣು ಕೆಂಪು, ಮೇಲೆ ಬಾಗಿ, ನೋಡ್ರಿ, ಈಗರ ಕಾಣಾಕತ್ತೇನಿ, ನಾನ ಇದು, ಅಂದಳು, ಔಡಲೆಣ್ಣೆಯ ವಾಸನೆ, ಅವಳ ತಲೆಯ ಎಣ್ಣೆ. ಈಗ ಬಂದೇನು, ಅಂದ ಸತ್ತೆಪ್ಪ, ಎಲ್ಲಿಂದ ಬಂದೆ. ಎಲ್ಲಿಂದ ಬರ್ಲಿ, ಇಲ್ಲೇ ಇದ್ನೆಲ್ರಿ. ಇಲ್ಲೇ ಅಂದರೆ ಎಲ್ಲಿ ಅಂತ ಕೇಳುವಷ್ಟರಲ್ಲಿ ಮುಖ ಜಾರಿತು, ಸೊಂಟ ಹಿಡಿದುಕೊಂಡಿತೇನೋ, ಹಾಗೆ ಬಾಗಿ ಎಷ್ಟು ಹೊತ್ತು ನಿಂತಾಳು, ಜಾರಿತು ಅಷ್ಟೇ, ಮತ್ತೆ ಗೋಡೆ. ಗೋಡೆಯಿಂದ ಬಂದಳು, ಗೋಡೆಗೆ ಹೋದಳು. ಕೇದಾರಿಯ ಮನೆಯ ಕೆಲಸ ಬಿಟ್ಟು ಗಂಡನ ಮುಖ ನೋಡಲು ಒಂದು ಗಳಿಗೆ ಬಂದಳು, ಅಷ್ಟಕ್ಕೆ ಇಲ್ಲೇ ಇದ್ದೆ ಅನ್ನುತ್ತಾಳೆ, ಕಣ್ಣಿಗೆ ಮಣ್ಣೆರಚುವುದು ಅಂದರೆ ಇದು. ಎಲ್ಲ ಮಾಡುವವಳು ಗುಡ್ಡವ್ವ, ಅಕ್ಕ, ಯಮಕನಮರಡಿಯ ಗಂಡನ ಮನೆ ಬಿಟ್ಟು ತಮ್ಮನಿಗಾಗಿ ಬಂದು ಕೂತಿದ್ದಾಳೆ, ಕಾಲ ಕಡೆಯ ಸಂದಿಯಲ್ಲಿ ನಿಂತು ಹೆಂಗದಿಯೋ ತಮ್ಮಾ ಅನ್ನುತ್ತಾಳೆ, ಅವಳು ಹಾಗೆ ನಿಂತಿರುವಾಗಲೇ ತುತ್ತು ಬಾಯಿಗೆ ಬರುತ್ತದೆ, ಮೈಗೆ ಬಿಸಿನೀರಿನ ಅರಿವೆ ತಾಗುತ್ತದೆ, ಒದ್ದೆ ಹಾಸಿಗೆ ಒಣಗುತ್ತದೆ — ಅಕ್ಕ ಅಲ್ಲಿ ನಿಂತು ತುತ್ತು ಇಲ್ಲಿ ಹೇಗೆ ಬಂತು ಅಂತ ಸತ್ತೆಪ್ಪ ಒಮ್ಮೆ ಯೋಚಿಸಿದ, ಯೋಚನೆ ಒಂದು ಕಡೆಗೆ ಹೋಗಿ ಅಲ್ಲಿ ಮುಂದೆ ಹಾದಿಯಿಲ್ಲದ ಹಾಗೆ ನಿಂತುಬಿಟ್ಟಿತು, ಬಿಟ್ಟುಕೊಟ್ಟ. ನಾ ಏನೂ ಮಾಡಂಗಿಲ್ಲೋ, ಎಲ್ಲಾ ಅಕೀನ ಮಾಡ್ತಾಳ, ನಿನ್ನ ಮಗ್ಗಲಾಗ ಕುಂತಾಳ ನೋಡು, ಅಂದಳು ಗುಡ್ಡವ್ವ. ಅಕ್ಕನೂ ಅವರ ಕಡೆಗೆ ಸೇರಿದಳು. ಮನೆಯ ಮರ್ಯಾದೆ ಮುಚ್ಚಲು ಎಲ್ಲ ಸೇರಿ ಒಂದೇ ಪದ ಹಾಡುತ್ತಿದ್ದಾರೆ.

ಪೇಟಿ ಬೇಕು ಅಂದ ಒಂದು ದಿನ. ಕೇದಾರಿ ತಂದ, ಹೊಲದ ಮಣ್ಣು ಮೆತ್ತಿದ ಕಾಲಲ್ಲೇ ಬಂದು ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿ ತೊಡೆಯ ಮೇಲೆ ಪೇಟಿ ಇಟ್ಟ, ಸತ್ತೆಪ್ಪ ಪಟ್ಟಿ ಒತ್ತಿದ, ಸದ್ದಿಲ್ಲ, ಮತ್ತೆ ಒತ್ತಿದ, ಕಟ್ಟಿಗೆಯ ಟಕಟಕ ಅಷ್ಟೇ, ಒಳಗೆ ಉಸಿರಿಲ್ಲ. ಪೇಟಿ ಕೆಡಿಸೀರಿ, ಅಂದ. ಕೆಡಸಿಲ್ಲೋ ಅಣ್ಣಾ, ಗಾಳಿ ಹಾಕಬೇಕಲ್ಲ, ಗಾಳಿ ಹಾಕೂ ಕೈ ಏಳವಲ್ದು, ಅಂದ ಕೇದಾರಿ, ತಲೆ ಕೆಳಗೆ ಹಾಕಿ, ಕಳ್ಳನ ಹಾಗೆ. ನನ್ನ ಕೈ ಎದ್ದಿದೆ, ಇಗೋ ಪಟ್ಟಿಯ ಮೇಲಿದೆ, ಬೆರಳು ಒಂದೊಂದೂ ನೆಟ್ಟಗಿದೆ, ಇನ್ನೆಷ್ಟು ಕೈ ಬೇಕು — ಅಷ್ಟರಲ್ಲಿ ಪೇಟಿ ಉಸಿರೆಳೆದುಕೊಂಡಿತು. ತಾನಾಗಿ. ಬೆರಳ ಕೆಳಗೆ ಸ್ವರ ಎದ್ದಿತು, ಮೊದಲು ಮುದುಕಿಯ ಕೆಮ್ಮಿನ ಹಾಗೆ, ಆಮೇಲೆ ನೆಟ್ಟಗೆ, ಸತ್ತೆಪ್ಪನ ಮೈಯೆಲ್ಲ ಕಿವಿಯಾಯಿತು, ಭೈರವಿ ಹಿಡಿದ, ಮೇಲೆ ಹೋದ, ಕೆಳಗೆ ಬಂದ, ಗಾಳಿ ಒಮ್ಮೆ ಹೆಚ್ಚು ಒಮ್ಮೆ ಕಡಿಮೆ, ಹೊಸಬರು ತಿದಿ ಒತ್ತಿದ ಹಾಗೆ, ಆದರೂ ಬರುತ್ತಿದೆ, ಇದೆಯಲ್ಲ, ನನ್ನದು ನನ್ನ ಹತ್ತಿರವೇ ಇದೆಯಲ್ಲ ಅಂತ ಕಣ್ಣಲ್ಲಿ ನೀರು ಬಂತು, ಲಕ್ವಾ ಹೊಡೆದ ಮೇಲೆ ಅದೊಂದೇ ಸಲ ಅವನಿಗೆ ಸಂತೋಷವಾದದ್ದು. ಕೂಗಿ ಹೇಳಿದ, ಗೋಡೆಗೆ ಕೇಳುವಷ್ಟು ಕೂಗಿ, ನೋಡಿದ್ರೇನು, ನನ್ನ ಪೇಟಿ ನಾನ ಬಾರಸ್ತೇನಿ, ನನಗ ಯಾರೂ ಬೇಕಾಗಿಲ್ಲ, ಹೋದಾಕಿ ಹೋಗ್ಲಿ. ಗಾಳಿ ನಿಂತಿತು. ಬೆರಳು ಒತ್ತಿದಲ್ಲೇ ಸ್ವರ ಸಣ್ಣಗಾಗುತ್ತ ಸಣ್ಣಗಾಗುತ್ತ ಸತ್ತಿತು, ಹತ್ತಿರದಲ್ಲೇ ಎಲ್ಲೋ ಯಾರೋ ಮೂಗು ಸೀಟಿದರು, ಕೇದಾರಿ, ವೈನೀ, ಬಿಡ್ರಿ, ಅವಗ ತಿಳಿಯಂಗಿಲ್ಲ, ಅಂದ. ವೈನಿ ಅಂದ. ಮೆತ್ತಗೆ ಅಂದ. ಅತ್ತಿಗೆಗೆ ಮಾತಾಡುವ ದನಿ ಅದಲ್ಲ ಅಂತ ಸತ್ತೆಪ್ಪನಿಗೆ ಅನ್ನಿಸಿತು, ಅನ್ನಿಸಿದ್ದು ಮತ್ತೆ ಹೋಗಲಿಲ್ಲ.

ಆಮೇಲೆ ಕೈ ಸಿಕ್ಕಿತು. ಮೈ ಒರೆಸುತ್ತಿದ್ದರು, ಬಿಸಿ ಅರಿವೆ ಕಂಕುಳಿಗೆ ಬಂತು ಹೋಯಿತು, ಕಣ್ಣು ಬಿಟ್ಟು ನೋಡಿದರೆ ಎದೆಯ ಮೇಲೆ ಒಂದು ಕೈ, ಗಂಡಸಿನ ಕೈ, ಅಂಗೈ ಅಗಲ, ಕಿರುಬೆರಳು ಗಿಡ್ಡ, ಸುಮ್ಮನೆ ಬಿದ್ದುಕೊಂಡಿದೆ. ತನ್ನ ಬಲಗೈಯಿಂದ ಮುಟ್ಟಿದ, ತಣ್ಣಗಿದೆ, ಹಿಂಡಿದ, ಅದಕ್ಕೆ ನೋವಿಲ್ಲ, ನಾಚಿಕೆಯೂ ಇಲ್ಲ. ಯಾರ ಕೈ ಇದು, ಅಂದ. ನಿಮ್ದ ರೀ, ನಿಮ್ಮ ಎಡಗೈ, ಅಂದಿತು ಪದ್ಮವ್ವನ ದನಿ ಗೋಡೆಯಿಂದ. ನನ್ನ ಕೈ ನನಗೆ ಗೊತ್ತಿಲ್ಲವೇ, ನನ್ನ ಕೈ ಇಗೋ ಇದು, ಮುಟ್ಟಿ ನೋಡುತ್ತಿರುವುದು, ಅದಕ್ಕೆ ಸುದ್ದಿ ತಿಳಿಯುತ್ತದೆ, ಇದು ಬೇರೆಯವರದು, ಆದರೆ ನೋಡಿದ ಕೈ, ಎಲ್ಲಿ ನೋಡಿದ್ದು, ಅಪ್ಪನದು ಹೀಗೇ ಇತ್ತು, ಅಗಲ ಅಂಗೈ, ಗಿಡ್ಡ ಕಿರುಬೆರಳು, ಅಪ್ಪ ಹೋಗಿ ಎಷ್ಟು ಕಾಲವಾಯಿತು, ಅಪ್ಪನದಲ್ಲ, ಅಪ್ಪನ ಕೈ ಬಂದದ್ದು ಕೇದಾರಿಗೆ. ಕೇದಾರಿಯ ಕೈ. ಕೇದಾರಿಯ ಕೈ ನನ್ನ ಹೊರಸಿನಲ್ಲಿ ಯಾಕಿದೆ, ಯಾರನ್ನು ಹುಡುಕಿಕೊಂಡು ಬಂದಿದೆ. ಹಿಡಿದು ಬಲವಾಗಿ ತಳ್ಳಿದ, ಅದು ಎದೆಯಿಂದ ಜಾರಿ ಎಲ್ಲೋ ಬಿತ್ತು, ಬಿದ್ದದ್ದು ಎಲ್ಲಿ ಎಂದರೆ ಎಲ್ಲೂ ಅಲ್ಲ, ಇಲ್ಲದ ಕಡೆ ಬಿತ್ತು, ಯಾರೋ ಉಸಿರು ಹಿಡಿದು ಎತ್ತಿಟ್ಟ ಸಪ್ಪಳ, ನೊಂದೀತ್ರಿ, ಹಂಗ ಒಗೀಬ್ಯಾಡ್ರಿ. ನೋಡು, ಅವನ ಕೈಗೆ ನೋವಾದರೆ ಇವಳಿಗೆ ಸಂಕಟ. ಸತ್ತೆಪ್ಪ ಅವತ್ತು ಉಣ್ಣಲಿಲ್ಲ. ತುತ್ತು ಬಂದರೆ ತುಟಿ ಬಿಗಿದ.

ಹುಕ್ಕೇರಿಯಿಂದ ಮಾಲಿಂಗಪ್ಪ ಬಂದಿದ್ದ, ಪದ್ಮವ್ವನ ತಮ್ಮ, ಅಲ್ಲಿಯ ಕಚೇರಿಯಲ್ಲಿ ಜವಾನ, ಇಸ್ತ್ರಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಬಾಳೆಹಣ್ಣಿನ ಗೊನೆ, ಕಾಲ ಕಡೆಯ ಸಂದಿಯಲ್ಲಿ ನಿಂತು, ಆರಾಮ ಏನ್ರಿ ಮಾವಾರ ಅಂದ. ಅದು ಬೆಳಗಿನ ಮಾತು, ಇವತ್ತು ಬೆಳಗ್ಗೆ, ಇಷ್ಟು ಹೊತ್ತಿಗಾಗಲೇ ಅದು ಯಾವುದೋ ಕಾಲದ್ದು ಅನ್ನಿಸುತ್ತದೆ. ಗುಡ್ಡವ್ವ ಇದ್ದಳು, ಕೇದಾರಿ ಬಾಗಿಲ ಕಡೆ ಎಲ್ಲೋ ಕೆಮ್ಮಿದ. ಸತ್ತೆಪ್ಪನಿಗೆ ಅನ್ನಿಸಿತು, ಇಂಥ ಹೊತ್ತು ಮತ್ತೆ ಸಿಗುವುದಿಲ್ಲ, ಎಲ್ಲರೂ ಇದ್ದಾರೆ, ತವರಿನವನೂ ಇದ್ದಾನೆ, ಹೇಳಿಬಿಡಬೇಕು, ನಾಲಿಗೆ ತೊದಲಿದರೂ ಹೇಳಿಬಿಡಬೇಕು. ಆರಾಮ ಎಲ್ಲಿದು ಮಾಲಿಂಗಾ, ನಿಮ್ಮಕ್ಕ ನನ್ನ ಬಿಟ್ಟು ಆ ಮನಿ ಸೇರ್ಯಾಳ. ಯಾವ ಮನೀರಿ. ಈ ಗ್ವಾಡಿ ಆಚಿಕಡೆದು, ಕೇದಾರಿದು. ಹಗಲೆಲ್ಲಾ ಅಲ್ಲೇ ಇರ್ತಾಳ, ಮಾತ ಕೇಳಸ್ತೈತಿ ನನಗ, ಕುಲುಕುಲು ನಗೂದೂ ಕೇಳಸ್ತೈತಿ — ನಗು ಕೇಳಿಸಿರಲಿಲ್ಲ, ಗೋಡೆ ಎದ್ದ ಮೇಲೆ ಆ ನಗು ಒಮ್ಮೆಯೂ ಕೇಳಿಸಿರಲಿಲ್ಲ, ಆದರೆ ಬಾಯಿಗೆ ಬಂತು, ಬಂದ ಮೇಲೆ ಖರೆ ಅನ್ನಿಸಿತು — ಅಷ್ಟಕ್ಕ ಮುಗೀಲಿಲ್ಲ, ಅವಾ ಇಲ್ಲಿಗೂ ಬರ್ತಾನ, ನನ್ನ ಹೊರಸಿನಾಗ ಅವನ ಕೈ ಸಿಕ್ಕೈತಿ, ಹಿಡದೇನಿ ನಾ, ಕೇಳ ನಿಮ್ಮಕ್ಕನ್ನ. ಹೊರಗೆ ಎತ್ತು ಕೊರಳಾಡಿಸಿದ ಗಂಟೆ. ತಮ್ಮಾ, ನಿನ್ನ ನಾಲಿಗಿಗೆ ಹುಳಾ ಬೀಳ್ಲಿ, ಅಂದಳು ಗುಡ್ಡವ್ವ, ಅಕ್ಕ, ಸಾಕಿ ಸಲುಹಿದ ಅಕ್ಕ. ಬಾಗಿಲ ಕಡೆಯಿಂದ ಕೇದಾರಿಯ ದನಿ, ದನಿಯೇ ಅಲ್ಲ ಅದು, ವೈನೀ ನೀವು ಹೋಗ್ರಿ, ನಿಮ್ಮ ತಮ್ಮನ ಜೋಡಿ ಹೋಗ್ರಿ, ಇನ್ನ ಇಲ್ಲಿ ನೀವು ಇದ್ರೂ ತಪ್ಪ, ನಾ ಬಂದ್ರೂ ತಪ್ಪ.

ಪದ್ಮವ್ವ ಏನಾದರೂ ಅನ್ನುತ್ತಾಳೆ ಅಂತ ಸತ್ತೆಪ್ಪ ಗೋಡೆಯನ್ನು ನೋಡಿದ. ಬೈಯಲಿ, ಎದೆ ಬಡಿದುಕೊಳ್ಳಲಿ, ಇಲ್ಲ ಅನ್ನಲಿ, ಇಲ್ಲ ಅಂದರೆ ಸಾಕಿತ್ತು, ಅವಳು ಇಲ್ಲ ಅನ್ನುವುದನ್ನು ಕೇಳಲಿಕ್ಕೇ ಅಲ್ಲವೇ ಇಷ್ಟೆಲ್ಲ ಆಡಿದ್ದು. ಅಕ್ಕಾ ಏಳು, ಗಂಟ ಕಟ್ಟು, ಅಂದ ಮಾಲಿಂಗಪ್ಪ. ಅರಿವೆ ಮಡಚುವ ಸಪ್ಪಳ, ಬಳೆಯ ಸಪ್ಪಳ, ಪೆಟ್ಟಿಗೆಯ ಮುಚ್ಚಳ, ಎಲ್ಲ ಗೋಡೆಯ ಒಳಗೇ. ಆಮೇಲೆ ದನಿ ಬಂತು, ಅಳುತ್ತಿರಲಿಲ್ಲ, ನೀರು ತರಲು ಹೋಗುತ್ತೇನೆ ಅನ್ನುವ ದನಿ. ಅಕ್ಕಾರ, ಮಧ್ಯಾಹ್ನದ್ದು ರೊಟ್ಟಿ ಬುಟ್ಟ್ಯಾಗ ಐತಿ, ಹಿಂಡಿ ಕಲಸೇನಿ, ಅರ್ಧ ತಿಂದ ಮ್ಯಾಲೆ ಗಂಗಾಳ ತಿರುವಿ ಇಡ್ರಿ, ಉಳಿದಿದ್ದು ಕಾಣ್ತೈತಿ ಅವರಿಗೆ, ತಿಂತಾರ. ಗುಡ್ಡವ್ವ ಹೂಂ ಅಂದಳು. ಮತ್ತ ಅಕ್ಕಾರ, ಹೊರಸ ತಿರುವಿ ಬಿಡ್ರಿ. ಉತ್ತರಕ್ಕ ತಲಿ ಆದ್ರ ಆಗ್ಲಿ. ಇಷ್ಟ ದಿವಸ ನಾ ಹೆದರಿ ಬ್ಯಾಡ ಅಂದೆ, ಇನ್ನ ನನಗ ಹೆದರಾಕ ಏನ ಉಳಿದೈತಿ. ನೋಡ್ಲಿ ಅವರು. ಮನಿ ನೋಡ್ಲಿ. ಆಮೇಲೆ ಕಾಲಿನ ಸಪ್ಪಳ, ಇಸ್ತ್ರಿ ಅಂಗಿಯವನ ಚಪ್ಪಲಿಯ ಸಪ್ಪಳ, ಅದರ ಹಿಂದೆ ಬರಿಗಾಲು, ಗೋಡೆಯಿಂದಲೇ ಹೊರಟು ಗೋಡೆಯೊಳಗೇ ದೂರ ಹೋಯಿತು. ಸತ್ತೆಪ್ಪ ಗೋಡೆ ನೋಡುತ್ತ ಕಾದ. ಊರ ಮುಂದೆ ಬಸ್ಸಿನ ಹಾರನ್ನು ಆಯಿತು. ಈಗ ಬರುತ್ತಾಳೆ ಅಂದುಕೊಂಡ, ಹೇಗೂ ಕೇದಾರಿಯ ಮನೆಗೇ ಬರುತ್ತಾಳೆ, ದನಿ ಕೇಳಿಸುತ್ತದೆ. ಅರ್ಧ ರೊಟ್ಟಿ ಬಂತು, ತಿಂದ. ಬೆಳಕಿಂಡಿಯಿಂದ ಬಿಸಿಲು ಇಳಿದು ಗೋಡೆ ಹತ್ತತೊಡಗಿತು. ಪೂರಾ ರೊಟ್ಟಿ ಹಾಕೇನ್ರಿ, ನನ್ನ ಕಡೆ ನೋಡ್ರಿ ಅಂದಿತು ದನಿ, ಅಂದಿತೇ, ಇವತ್ತು ಅಂದಿತೋ ನಿನ್ನೆಯದೋ, ಸತ್ತೆಪ್ಪ ಕಿವಿಯಿಟ್ಟು ಕೇಳಿದ, ಇವತ್ತು ಯಾರೂ ಏನೂ ಅನ್ನಲಿಲ್ಲ, ಅದು ಕಿವಿಯಲ್ಲಿ ಉಳಿದುಕೊಂಡಿದ್ದ ಮಾತು.

ಈಗ ಕೇದಾರಿ ಬಂದಿದ್ದಾನೆ. ಕಾಲ ಕಡೆಯ ಸಂದಿಯಲ್ಲಿ ನಿಂತಿದ್ದಾನೆ, ಮುಖ ನೋಡುವುದಿಲ್ಲ, ಅಕ್ಕಾ ಹಿಡಿ ಅನ್ನುತ್ತಾನೆ, ಹೊರಸು ನೆಲ ಬಿಟ್ಟು ಏಳುತ್ತದೆ, ಬೆಳಕಿಂಡಿ ತಲೆಯ ಮೇಲೆ ತಿರುಗುತ್ತದೆ, ತೊಲೆಗಳು ತಿರುಗುತ್ತವೆ, ಬಿಸಿಲು ಹತ್ತಿದ ಗೋಡೆ ಜರುಗಿ, ಜರುಗಿ, ಇಲ್ಲವಾಗುತ್ತದೆ. ಗೋಡೆ ಹೋಯಿತು. ಇಷ್ಟು ದಿನ ಕಣ್ಣು ತುಂಬ ಇದ್ದ ಗೋಡೆ, ಅದನ್ನು ಹುಡುಕಬೇಕು ಅಂತಲೂ ಈಗ ಅನ್ನಿಸುವುದಿಲ್ಲ, ಅದರ ಆಚೆಯ ಮನೆಯೂ ಇಲ್ಲ, ಆಚೆ ಅನ್ನುವುದೇ ಇಲ್ಲ, ಇರುವುದು ಈ ಮನೆ, ಇಷ್ಟು ದೊಡ್ಡ ಮನೆ, ಒಲೆ, ಒಲೆಯ ಬೂದಿ, ರೊಟ್ಟಿ ಬುಟ್ಟಿ, ನೀರಿನ ಕೊಡ, ಬಾಗಿಲು, ಬಾಗಿಲಲ್ಲಿ ಬೆಳಕು. ಎಲ್ಲಿ ಇಟ್ಟಿದ್ದಿರಿ ಇದನ್ನೆಲ್ಲ, ಅನ್ನಬೇಕೆಂದ. ಕೇದಾರಿ ಹೊರಸಿನ ಕಾಲು ನೆಟ್ಟಗೆ ಮಾಡಿ ಹೊರಟ, ನಡೆಯುತ್ತ ನಡೆಯುತ್ತ ಬಾಗಿಲಿನವರೆಗೂ ಕಂಡ, ತೋಳು ಕಂಡವು, ಎರಡೂ ತೋಳು, ಎರಡೂ ಕೈ, ಎರಡೂ ಅವನ ಮೈಗೇ ಇದ್ದವು. ಪದ್ಮೀ, ಅಂದ ಸತ್ತೆಪ್ಪ. ಅಕಿ ಎಲ್ಲಿದಾಳೋ, ಹುಕ್ಕೇರಿ ಬಸ್ಸ ಹತ್ತಿ ಹೋದ್ಲ, ಹಿಂದ ಯಾರನ್ನೂ ಕಳಿಸಬ್ಯಾಡ್ರಿ ಅಂದಾಳ, ಅಂದಳು ಗುಡ್ಡವ್ವ. ಎಲ್ಲಿ ಕೂಡುತ್ತಿದ್ದಳು, ಅಂತ ಕೇಳಿದ, ತನ್ನ ದನಿ ತನಗೇ ಸಣ್ಣದಾಗಿ ಕೇಳಿತು. ಗುಡ್ಡವ್ವ ಕಣ್ಣೊರೆಸಿಕೊಂಡು ಹೊರಸಿನ ಬಾಜೂಕ್ಕಿದ್ದ ಕಂಬ ತೋರಿಸಿದಳು, ಅಲ್ಲೇ, ನಿನ್ನ ತಂದು ಹಾಕಿದ ದಿವಸದಿಂದ ಆ ಕಂಬಕ್ಕ ತಲಿ ಆನಿಸಿ ಕುಂತಾಕಿ, ಕುಂತಲ್ಲೇ ನಿದ್ದಿ ಮಾಡ್ತಿದ್ಲ, ನೀ ಮಿಸುಕಿದ್ರ ಏಳ್ತಿದ್ಲ.

ಕಂಬ. ಬೇವಿನ ಕಂಬ, ಅಪ್ಪ ನಿಲ್ಲಿಸಿದ್ದು, ಮೇಲೆಲ್ಲ ಹೊಗೆಗೆ ಕಪ್ಪಾಗಿ ಧೂಳು ಕೂತಿದೆ, ಕೆಳಗೆ, ಕೂತ ಹೆಂಗಸಿನ ತಲೆ ತಾಗುವ ಎತ್ತರಕ್ಕೆ, ಒಂದು ಕರೆ. ಅಂಗೈಯಷ್ಟು. ಮಿರುಗುತ್ತದೆ. ತಲೆಯ ಎಣ್ಣೆಯ ಕರೆ, ಆನಿಸಿ ಆನಿಸಿ ಕಟ್ಟಿಗೆಯೊಳಗೆ ಇಳಿದದ್ದು, ಒಂದು ದಿನಕ್ಕೆ ಹೀಗಾಗುವುದಿಲ್ಲ, ಒಂದು ತಿಂಗಳಿಗೂ ಆಗುವುದಿಲ್ಲ, ಗೋಡೆಯ ಆಚೆಯಿಂದ ಯಾರೂ ಇದನ್ನು ತಂದು ಹಚ್ಚುವುದಿಲ್ಲ. ಕರೆಯ ಕೆಳಗೆ ಗೋಣಿತಾಟು, ನಡುವೆ ತಗ್ಗು ಬಿದ್ದಿದೆ. ಇಲ್ಲೇ ಇದ್ನೆಲ್ರಿ ಅಂದಿದ್ದಳು, ಇಲ್ಲೇ ಅಂದರೆ ಇಲ್ಲೇ, ಪೇಟಿಗೆ ಗಾಳಿ, ಬಾಯಿಗೆ ತುತ್ತು, ಇಲ್ಲಿಂದಲೇ, ತಿಳಿಯಿತು, ಎಲ್ಲ ಒಮ್ಮೆಗೇ ತಿಳಿಯಿತು, ತಿಳಿದು ಏನು ಮಾಡಬೇಕು ಅಂತ ಮುಂದಕ್ಕೆ ಹೋಗಲು ನೋಡಿದ, ಹುಕ್ಕೇರಿ, ಬಸ್ಸು, ಯಾರನ್ನಾದರೂ ಕಳಿಸಿ, ಯಾರನ್ನು ಕಳಿಸುವುದು, ಏನು ಹೇಳಿ ಕಳಿಸುವುದು, ಆಡಿದ್ದನ್ನು ಎಲ್ಲರ ಎದುರಿಗೇ ಆಡಿ ಆಗಿದೆ, ಮತ್ತೆ ಕಂಬಕ್ಕೆ ಬಂದ. ಕರೆ. ಬಾಗಿಲ ಕಡೆ ನೋಡಿದ, ಬೆಳಕು, ಯಾರೂ ಇಲ್ಲ, ಮತ್ತೆ ಕರೆ. ಬಲಗೈ ಎತ್ತಿದ. ದೂರವಿರಬೇಕು ಅಂದುಕೊಂಡಿದ್ದ. ಕೈ ಪೂರಾ ಚಾಚುವ ಮೊದಲೇ ಬೆರಳು ಕಂಬಕ್ಕೆ ತಾಗಿತು, ಇಷ್ಟೇ ದೂರ, ಇಷ್ಟು ದಿನ ಇಷ್ಟೇ ದೂರ. ಬೆರಳು ಜಾರಿತು. ಔಡಲೆಣ್ಣೆಯ ವಾಸನೆ. ಕಂಬ, ಕರೆ, ಕಂಬ, ಕರೆ. ಎಣ್ಣೆ ಇನ್ನೂ ಆರಿರಲಿಲ್ಲ.